ಜೋಡಿ ರಾಟೆ

"ಗುರುಗಳೇ, ಎಷ್ಟು ಕಲಿತರೆ ಹಿರಿಯರ ಎದುರು ನನ್ನ ಲೆಕ್ಕವೇ ಸರಿ ಎಂದು ನಿಲ್ಲಬಹುದು?" ಎಂದು ಶಿಷ್ಯ ಕೇಳಿದ. ಇಳಿಜಾರಿನಲ್ಲಿ ಜಾರುವ ಕಲ್ಲಿನ ಲೆಕ್ಕವನ್ನು ಅವನು ಅಂದು ಸರಿಯಾಗಿಯೇ ಬಿಡಿಸಿದ್ದ. ಪಾಠಶಾಲೆಯ ಹಿರಿಯ ವಿದ್ವಾಂಸರು ತಪ್ಪೆಂದು ಗದರಿದೊಡನೆ ಅದನ್ನು ಅಳಿಸಿಹಾಕಿದ್ದ.

"ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ರೈತ ಹೆಂಗಸು. ಅವಳಿಗೆ ಇದ್ದದ್ದು ಒಂದು ಕಪಿಲೆ ಬಾವಿ, ಒಂದು ಜೋಡಿ ಎತ್ತು. ಎತ್ತುಗಳು ಹಗ್ಗ ಎಳೆಯುತ್ತ ಇಳಿಜಾರಿನಲ್ಲಿ ನಡೆದರೆ ನೀರು ತುಂಬಿದ ತೊಗಲ ಬಾನಿ ಮೇಲೆ ಬರುತ್ತಿತ್ತು. ಬಾವಿ ಎಷ್ಟು ಆಳವೋ ಇಳಿಜಾರೂ ಅಷ್ಟೇ ಉದ್ದ.

ಆ ಸೀಮೆಯ ಪಾಳೆಗಾರನಿಗೆ ಒಬ್ಬ ವರ್ತಕ ಜೋಡಿ ರಾಟೆ ತಂದು ತೋರಿಸಿದ. ಇದನ್ನು ಕಟ್ಟಿದರೆ ಅರ್ಧ ಬಲ ಸಾಕು, ಒಂದೇ ಎತ್ತು ಎಳೆಯುತ್ತದೆ ಎಂದ. ಮಾತು ಸುಳ್ಳಲ್ಲ. ಪಾಳೆಗಾರ ಹಿರಿಹಿರಿ ಹಿಗ್ಗಿ ಡಂಗುರ ಹೊಡೆಸಿದ: ಎಲ್ಲ ಬಾವಿಗೂ ರಾಟೆ ಕಟ್ಟಿ, ಮನೆಗೊಂದು ಎತ್ತನ್ನು ಅರಮನೆಗೆ ಒಪ್ಪಿಸಿ, ದಿನದ ನೀರು ಮಾತ್ರ ಒಂದು ಬಾನಿಯೂ ಕಡಿಮೆಯಾಗಕೂಡದು. ಊರೆಲ್ಲ ತಲೆ ತಗ್ಗಿಸಿ ಎತ್ತು ಬಿಚ್ಚಿಕೊಟ್ಟಿತು. ಇವಳು ಕೊಡಲಿಲ್ಲ. ಪಾಳೆಗಾರ ಕುದುರೆಯೇರಿ ಅವಳ ಬಾವಿಗೇ ಬಂದ. ಬರಲಿ ಬಿಡು, ಅವಳೇನು ಕರೆದಿರಲಿಲ್ಲ.

ಅವಳಿಗೂ ಹೆದರಿಕೆ ಇತ್ತು. ಆದರೂ ಅವನ ಕಣ್ಣೆದುರೇ ರಾಟೆ ಕಟ್ಟಿದಳು, ಒಂದೇ ಎತ್ತು ಹೂಡಿ ಹೊಡೆದಳು. ಎತ್ತು ಸಲೀಸಾಗಿ ಎಳೆಯಿತು. ಇಳಿಜಾರು ಮುಗಿಯಿತು. ಬಾನಿ ಮಾತ್ರ ಬಾವಿಯ ಅರ್ಧಕ್ಕೇ ಬಂದು ನೇತಾಡುತ್ತಿತ್ತು.

"ಇಳಿಜಾರನ್ನು ಇನ್ನಷ್ಟು ಅಗೆದು ಉದ್ದ ಮಾಡು!" ಎಂದು ಪಾಳೆಗಾರ ಗುಡುಗಿದ.

"ಅಗೆಯೋಣ, ದೊರೆ. ಎರಡರಷ್ಟು ದಾರಿ ನಡೆಯಲು ಎತ್ತಿಗೆ ಎರಡರಷ್ಟು ಹೊತ್ತು ಬೇಕು. ಸಂಜೆಗೆ ಸಿಗುವುದು ಅರ್ಧ ನೀರು. ಈ ರಾಟೆ ಬಲದಲ್ಲಿ ಬಿಟ್ಟುಕೊಟ್ಟದ್ದನ್ನು ನಡಿಗೆಯಲ್ಲಿ ಕಿತ್ತುಕೊಳ್ಳುತ್ತದೆ."

"ನನಗೇ ಎದುರಾಡುತ್ತೀಯಾ?"

"ಎದುರಾಡುತ್ತಿರುವುದು ಬಾವಿ. ಅಪ್ಪಣೆಯನ್ನು ಅದಕ್ಕೇ ಕೊಡಿ. ನನ್ನ ಎತ್ತನ್ನಂತೂ ಕೊಡಲಾರೆ."

ಪಾಳೆಗಾರ ಬಾವಿಗೆ ಇಣುಕಿದ. ಮುಖ ಕೆಂಪಗೆ ಮಾಡಿಕೊಂಡು ಕುದುರೆ ತಿರುಗಿಸಿದ. ಊರವರಿಂದ ಒಯ್ದಿದ್ದನ್ನು ಅವನು ಹಿಂದಕ್ಕೆ ಕೊಡಲಿಲ್ಲ. ಅವಳ ಎತ್ತು ಅವಳಿಗೆ ಉಳಿಯಿತು.

ಶಿಷ್ಯನ ಮುಖ ಅರಳಿತು. "ತಿಳಿಯಿತು, ಗುರುಗಳೇ. ಅವಳಷ್ಟು ಲೆಕ್ಕ ಕಲಿತ ದಿನ ನಾನೂ ನಿಲ್ಲುತ್ತೇನೆ."

ಗುರುಗಳು ಅವನನ್ನೇ ನೋಡಿದರು.

"ಅಷ್ಟು ಲೆಕ್ಕ ಎತ್ತು ಬಿಚ್ಚಿಕೊಟ್ಟವರಿಗೂ ಗೊತ್ತಿತ್ತು ಕಣಯ್ಯಾ."