ಚೈನಿಲ್ಲದ ಸೈಕಲ್

ಮಾವ ಚನ್ನವೀರಪ್ಪ ಅಗ್ಗಕ್ಕೆ ತಂದಿದ್ದ ಹಳೇ ಸೈಕಲ್ಲಿನ ಚೈನು ಹರಿಯಿತು. ಪೆಡಲ್ಲು, ಫ್ರೀವೀಲು ಎಲ್ಲ ಬದಲಿಸಬೇಕು, ಕೊಂಡದ್ದಕ್ಕಿಂತ ಖರ್ಚೇ ಜಾಸ್ತಿ ಎಂದ ಸೈಕಲ್ ಶಾಪಿನವನು. ಮಾವ ಮೀಸೆ ತಿರುವಿದರು.

"ಇವತ್ತೇ ತೀರ್ಮಾನ ಆಗ್ಬೇಕು. ಒಂದೋ ರಿಪೇರಿ, ಇಲ್ಲಾ ಗುಜರಿ!"

ಸೊಸೆ ಹಾಲಮ್ಮನಿಗೆ ಎರಡೂ ಬೇಡವಾಗಿತ್ತು. ಇಬ್ಬರೂ ಮಂಡಕ್ಕಿ ಭಟ್ಟಿಯ ಕೆಲಸ ಮುಗಿಸಿ ಬರುವಾಗ ಗಂಡ ಕೊಟ್ರೇಶಿ ಮೊದಲೆಲ್ಲ ಚೀಲ ಹೇರಿಕೊಂಡು ಸೈಕಲ್ ತುಳಿದು ಮುಂದೆ ಹೋಗಿಬಿಡುತ್ತಿದ್ದ. ಚೈನು ಹರಿದ ಮೇಲೆ ಸೈಕಲ್ ತಳ್ಳುತ್ತ ಅವಳ ಪಕ್ಕದಲ್ಲೇ ನಡೆಯುತ್ತಿದ್ದ. ಮನೆ ತುಂಬ ಜನ. ಗಂಡಹೆಂಡಿರ ಮಾತೆಲ್ಲ ಆ ದಾರಿಯಲ್ಲೇ. ಸೈಕಲ್ ರಿಪೇರಿಯಾದರೆ ಅವನು ಮತ್ತೆ ಮುಂದೆ ಹೋಗುತ್ತಾನೆ, ಗುಜರಿಗೆ ಬಿದ್ದರೆ ಚೀಲದ ಜತೆ ಆಟೋ ಹತ್ತುತ್ತಾನೆ.

"ಮಾವಾರ, ಚೀಲ ಹೊರೋಕೆ ಗಾಲಿ ಸಾಕಲ್ರೀ, ಚೈನ್ ಯಾಕ್ ಬೇಕು?" ಎಂದಳು. "ರಿಪೇರಿ ಮಾಡಿಸಿದ್ರೆ ರೊಕ್ಕ ದಂಡ. ಗುಜರಿಗೆ ಹಾಕಿದ್ರೆ ನೀವು ಆರಿಸಿ ತಂದ ಗಾಡಿಗೆ ಅವಮಾನ."

"ಈ ಮನ್ಯಾಗೆ ನನ್ನ ಬಿಟ್ರೆ ಲೆಕ್ಕ ತಿಳಿದೋಳು ಇವಳೊಬ್ಬಳೇ!" ಎಂದು ಮಾವ ಬೀಗಿದರು.

ಸಂಜೆ ಭಟ್ಟಿಯ ದಾರಿಯಲ್ಲಿ ಮಾವನ ಸ್ಕೂಟರ್ ಎದುರಿಗೆ ಬಂತು. ಸೈಕಲ್ಲಿನ ಆಚೆ ಈಚೆ ನಡೆಯುತ್ತ ಗಂಡಹೆಂಡಿರಿಬ್ಬರೂ ನಗುತ್ತಿದ್ದರು. ಮನೆಯ ತಿರುವು ಬಂದರೂ ತಿರುಗದೆ ಮುಂದಕ್ಕೆ ಹೋದರು. ಮಾವನಿಗೆ ಆಗ ಸೊಸೆಯ ಲೆಕ್ಕ ತಿಳಿಯಿತು. ಆದರೆ ಬೈಯಲಿಲ್ಲ.

ಸ್ಕೂಟರ್ ಹತ್ತಲು ಹೆದರುವ ಅತ್ತೆ ಸಂತೆಗೆ ಯಾವಾಗಲೂ ಒಬ್ಬರೇ ನಡೆದು ಹೋಗುವವರು. ಮರುದಿನ ಅವರು ಹೊಸಿಲು ದಾಟಿದಾಗ ಮಾವನೂ ಚಪ್ಪಲಿ ಮೆಟ್ಟಿದರು.

"ಸ್ಕೂಟರ್ ಏನಾತ್ರೀ?"

"ಕೆಟ್ಟೈತಿ."

"ರಿಪೇರಿ ಮಾಡಿಸಬೇಕಿತ್ತಪ್ಪ!"

ಮಾವ ಅವರ ಕೈಯಿಂದ ಸಂತೆಚೀಲ ಇಸಿದುಕೊಂಡರು.

"ದುಬಾರಿ ಆಗ್ತೈತಿ. ನಡಿ."