ದ್ಯಾವಣ್ಣನ ಬೆಂಕಿಪೊಟ್ಟಣ

ನೆಲದಡಿಯ ಗ್ಯಾಸ್ ಪೈಪಿನ ಜಾಡಿನಲ್ಲಿ ದಿನಾ ಎಂಟು ಕಿಲೋಮೀಟರ್ ನಡೆದು ಕಾಯುವುದು ದ್ಯಾವಣ್ಣನ ಕೆಲಸ. ಹದಿನೇಳನೇ ಹಳದಿ ಕಂಬದ ಬಳಿ ಗ್ಯಾಸ್ ಸೋರುತ್ತಿದೆ ಎಂದು ಮೂರು ಸಲ ಬರೆದುಕೊಟ್ಟಿದ್ದ. ಮ್ಯಾನೇಜರ್ ವಾಮನಮೂರ್ತಿ ಮೂರನ್ನೂ ಡ್ರಾಯರಿಗೆ ಹಾಕಿದ್ದರು.

ಅಷ್ಟರಲ್ಲಿ ಪೈಪ್‌ಲೈನ್ ಸುರಕ್ಷತೆ ಬಿಗಿ ಮಾಡುವ ಮಸೂದೆ ಬಂತು. ಸದನ ಸಮಿತಿ ಸ್ಥಳ ನೋಡಲು ಹೊರಟಿತು.

"ಏನು ಕೇಳಿದರೂ ಎಲ್ಲ ಸರಿಯಿದೆ ಅನ್ನು. ಇಲ್ಲಾಂದ್ರೆ ನಾಳೆಯಿಂದ ಬರಬೇಡ," ಎಂದರು ಮ್ಯಾನೇಜರ್.

"ಆಯ್ತು ಸಾರ್," ಎಂದ ದ್ಯಾವಣ್ಣ.

ಅದೇ ಕಂಬದ ಬಳಿ ನಿಂತು ಮ್ಯಾನೇಜರ್ ಸಮಿತಿಯ ಅಧ್ಯಕ್ಷೆಗೆ ಹೇಳಿದರು: "ಹಳೇ ಕಾನೂನೇ ಸಾಕು ಮೇಡಂ. ಇಲ್ಲಿ ಒಲೆ ಹೂಡಿ ಅಡುಗೆ ಮಾಡಬಹುದು."

"ಹೌದೇನಪ್ಪಾ?" ಎಂದು ಅಧ್ಯಕ್ಷೆ ದ್ಯಾವಣ್ಣನನ್ನು ಕೇಳಿದರು.

"ಎಲ್ಲ ಸರಿಯಿದೆ ಮೇಡಂ. ಕೂತ್ಕೊಳ್ಳಿ, ಟೀ ಕಾಯಿಸ್ತೀನಿ." ಅವನು ಮೂರು ಕಲ್ಲು ಜೋಡಿಸಿ, ಒಣ ಪುರಳೆ ಸೌದೆ ಇಟ್ಟು, ಜೇಬಿನಿಂದ ಬೆಂಕಿಪೊಟ್ಟಣ ತೆಗೆದ.

ಮ್ಯಾನೇಜರ್ ಓಡಿ ಬಂದು ಅವನ ಕೈ ಹಿಡಿದರು. "ತಲೆ ಕೆಟ್ಟಿದೆಯೇನೋ? ಇಲ್ಲಿ ಗ್ಯಾಸ್ ಸೋರ್ತಿದೆ ಅಂತ ನೀನೇ ಮೂರು ಸಲ ಬರೆದುಕೊಟ್ಟಿದ್ದೀಯಲ್ಲೋ."

ಅಧ್ಯಕ್ಷೆ ಪೊಟ್ಟಣ ಇಸಿದುಕೊಂಡು ತೆರೆದರು. ಒಳಗೆ ಒಂದು ಕಡ್ಡಿಯೂ ಇರಲಿಲ್ಲ.

"ಲೈನಿಗೆ ಬರುವಾಗ ನಾವು ಕಡ್ಡಿ ತರಲ್ಲ ಮೇಡಂ," ಎಂದ ದ್ಯಾವಣ್ಣ. "ಆದರೆ ಸಾಹೇಬರು ನನ್ನ ಕಾಗದ ಓದಿದ್ದಾರೆ ಅಂತ ಇವತ್ತೇ ಗೊತ್ತಾಗಿದ್ದು."