ಸುಗಂಧಮ್ಮನ ಓರೆಹಲ್ಲು

ಹಲ್ಲಿನ ಡಾಕ್ಟರರ ಬಳಿ ಮೂವತ್ತು ವರ್ಷ ಮೇಣದಲ್ಲಿ ಮಾದರಿ ಹಲ್ಲು ಕೆತ್ತಿದ್ದ ಚಾಕುವಿನ ಕೆಲಸ ಈಗ ಕಂಪ್ಯೂಟರಿನ ಪಾಲಾಗಿತ್ತು. ಹಲ್ಲು ಕಟ್ಟಿಸಿಕೊಳ್ಳಲು ಬಂದ ಸುಗಂಧಮ್ಮನಿಗೆ ಕಂಪ್ಯೂಟರು ಪರದೆಯ ಮೇಲೆ ಮುತ್ತು ಪೋಣಿಸಿದಂಥ ಹಲ್ಲಿನ ಸಾಲನ್ನು ಬಿಡಿಸಿ ತೋರಿಸಿತು.

"ಚೆನ್ನಾಗಿದೆ. ಆದರೆ ಇದು ನಾನಲ್ಲವಲ್ಲ!" ಎಂದು ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಚಾಕುವಿಗೆ ಒಳಗೊಳಗೇ ಖುಷಿಯಾಯಿತು. ಆದರೆ ಕಂಪ್ಯೂಟರು ಪೆಚ್ಚಾಗಿ, "ಅಜ್ಜಾ, ಅಳತೆ ಎಲ್ಲಿ ತಪ್ಪಿತು?" ಎಂದಾಗ ಕನಿಕರ ಹುಟ್ಟಿತು.

"ಅಳತೆ ಸರಿಯಿದೆ ಮಗು. ಮುಂಚೆ ಹೇಗೆ ನಗುತ್ತಿದ್ದಳೆಂದು ಆಕೆಯನ್ನು ಕೇಳಿದೆಯಾ?"

ಕಂಪ್ಯೂಟರು ಕೇಳಿತು. ಸುಗಂಧಮ್ಮ ಚೀಲದಿಂದ ಮದುವೆಯ ಫೋಟೋ ತೆಗೆದಳು. ಅದರಲ್ಲಿ ಮುಂದಿನ ಒಂದು ಹಲ್ಲು ತುಸು ಓರೆಯಾಗಿತ್ತು. ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಕಂಪ್ಯೂಟರು ಮಾದರಿಯನ್ನೂ ಹಾಗೇ ತಿದ್ದಿತು. ಸುಗಂಧಮ್ಮ ನಕ್ಕಳು, ಸೆರಗು ಬಾಯಿಗೆ ಹೋಗಲೇ ಇಲ್ಲ.

"ಇಷ್ಟು ತಿದ್ದಲು ನಿನಗೆಷ್ಟು ಹೊತ್ತಾಗುತ್ತಿತ್ತು, ಅಜ್ಜಾ?"

"ಇಡೀ ದಿನ," ಎಂದಿತು ಚಾಕು, ನೆಮ್ಮದಿಯಿಂದ. "ಅದಕ್ಕೇ ನಾನು ಮೊದಲೇ ಕೇಳಿಬಿಡುತ್ತಿದ್ದೆ."